ಕಾರಣ ಕೇಳಬಾರದು

ಲೋಫೋನುವಾ, ಹಾಪೈ, ಟೋಂಗಾ
೬ ಮಾರ್ಚ್ ೨೦೨೩

ಮಾನ್ಯ ಫೆಲೇತಿ ಹವೇಯಾ ಅವರಿಗೆ,

ನೀವು ಆಕ್ಲೆಂಡಿನಲ್ಲಿದ್ದುಕೊಂಡು ನಡೆಸುತ್ತಿರುವ ‘ವಾಕಾ’ ಎಂಬ ಆಪ್‌ನ ಕೊನೆಯ ಪುಟದಲ್ಲಿ ‘ಬಳಸುವವರೂ ಹೊಸ ಸೌಲಭ್ಯಗಳನ್ನು ಸೂಚಿಸಬಹುದು’ ಎಂದು ಬರೆದಿದೆ. ಆ ವಾಕ್ಯವನ್ನು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಈ ದ್ವೀಪದ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ನಿವೃತ್ತಿಯೆಂಬುದು ಸಂಬಳಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಶಾಲೆಯ ಈಗಿನ ಉಪಾಧ್ಯಾಯರು ವರ್ಷದ ಕೊನೆಗೆ ಊರು ಬಿಡುತ್ತಾರೆ. ಅಷ್ಟರೊಳಗೆ ತರಬೇತಿ ಪಡೆದ ಇನ್ನೊಬ್ಬರು ಸಿಗದಿದ್ದರೆ ಶಾಲೆಯನ್ನು ಮುಚ್ಚಿ, ಮಕ್ಕಳನ್ನು ದಿನವೂ ದೋಣಿಯಲ್ಲಿ ಪಕ್ಕದ ದ್ವೀಪದ ಶಾಲೆಗೆ ಕಳುಹಿಸಬೇಕೆಂದು ಇಲಾಖೆ ತೀರ್ಮಾನಿಸಿದೆ. ಆರು ವರ್ಷದ ಮಕ್ಕಳು, ಜುಲೈ ತಿಂಗಳ ಕಡಲು. ಇದನ್ನು ತೀರ್ಮಾನಿಸಿದವರು ಆ ದೋಣಿಯನ್ನು ಹತ್ತಿದವರಲ್ಲ.

ಆದ್ದರಿಂದ ನಾನೇ ಇಬ್ಬರನ್ನು ಹುಡುಕಿ ನುಕುಅಲೋಫಾದ ತರಬೇತಿ ಕಾಲೇಜಿನ ದೂರಶಿಕ್ಷಣಕ್ಕೆ ಸೇರಿಸಿದ್ದೇನೆ. ಮತೆಯಾಕಿ ಇಲ್ಲಿಯ ಮೀನುಗಾರರ ಮನೆಯವನು, ನನ್ನ ಕೈಯಲ್ಲೇ ಅಕ್ಷರ ಕಲಿತವನು. ಲೋಸೆಲಿ ದೂರದ ನಿಯುವಾ ದ್ವೀಪದವಳು. ಕಳೆದ ವರ್ಷ ಬಂದು ನಮ್ಮ ಪಾದ್ರಿಗಳ ಮನೆಯಲ್ಲಿ ನೆಲೆಸಿದ್ದಾಳೆ, ಇಲ್ಲಿ ಅವಳಿಗೆ ಬಂಧುಗಳಾರೂ ಇಲ್ಲ. ಇವರ ಪಾಠ, ಹಾಜರಿ, ಫೋನ್ ಸಂಖ್ಯೆ ಎಲ್ಲವೂ ನಿಮ್ಮ ವಾಕಾದಲ್ಲಿವೆ. ಸ್ಥಳೀಯ ಮಾರ್ಗದರ್ಶಿ ಎಂಬ ಸ್ಥಾನದಲ್ಲಿ ನನ್ನ ಹೆಸರೂ ಇದೆ.

ಎರಡು ಸೌಲಭ್ಯಗಳು ಬೇಕಾಗಿವೆ. ಒಂದೇ ಕಡೆ ಇರುವ ಇಬ್ಬರು ವಿದ್ಯಾರ್ಥಿಗಳನ್ನು ಆಪ್ ತಾನಾಗಿಯೇ ಜೊತೆ ಮಾಡಬೇಕು. ಒಬ್ಬರು ಫೋನಿನಲ್ಲಿ ಪಾಠ ಹೇಳಿದರೆ ಇನ್ನೊಬ್ಬರು ಮಗುವಿನಂತೆ ಪ್ರಶ್ನೆ ಕೇಳಬೇಕು, ಆ ಧ್ವನಿಮುದ್ರಣ ಕಾಲೇಜನ್ನು ತಲುಪಬೇಕು. ಪಾಠ ಹೇಳಿ ನೋಡದೆ ಪಾಠ ಹೇಳುವುದು ಬರುವುದಿಲ್ಲ. ಇನ್ನು, ಜೊತೆ ಬದಲಿಸಬೇಕೆನ್ನುವವರು ಅದಕ್ಕೆ ಕಾರಣವನ್ನು ಪೂರ್ಣ ವಾಕ್ಯದಲ್ಲಿ ಬರೆಯಲೇಬೇಕು ಮತ್ತು ಆ ಕಾರಣ ಜೊತೆಗಾರರಿಗೂ ಕಾಣಬೇಕು. ಕಾರಣ ಕೇಳದೆ ರಜೆ ಕೊಡುವ ಶಾಲೆ ಶಾಲೆಯಲ್ಲ.

ನಿಮ್ಮ ಮೊದಲ ಪುಟದಲ್ಲಿ ಕಾಗುಣಿತದ ತಪ್ಪುಗಳಿವೆ. ತಿದ್ದಿ ಲಗತ್ತಿಸಿದ್ದೇನೆ.

ಇತಿ,
ಮೆಲೆನೈತೆ ಕವಪಾಲು


ಆಕ್ಲೆಂಡ್
೧೧ ಮಾರ್ಚ್ ೨೦೨೩

ನಮಸ್ಕಾರ ಮೇಡಂ,

ಕೊನೆಯ ಪುಟವನ್ನು ಓದಿದ ಮೊದಲ ವ್ಯಕ್ತಿ ನೀವೇ. ಅಲ್ಲೊಂದು ಪುಟವಿದೆ ಎಂದು ನನಗೇ ಮರೆತುಹೋಗಿತ್ತು.

ವಾಕಾ ನನ್ನ ಉದ್ಯೋಗವಲ್ಲ, ಬಿಡುವಿನ ಕೆಲಸ. ಹಗಲೆಲ್ಲ ನಗರದ ಬಸ್ಸುಗಳ ವೇಳಾಪಟ್ಟಿ ಮಾಡುತ್ತೇನೆ, ಬಸ್ಸು ತಡವಾದರೆ ಜನ ಬೈಯುವುದು ನನ್ನನ್ನೇ. ನನ್ನ ಅಪ್ಪ ಟೋಂಗಾದವರು, ಅಮ್ಮ ಡನೀಡನ್ನಿನವರು. ಹುಟ್ಟಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ಅಪ್ಪನ ಭಾಷೆಯಲ್ಲಿ ನನಗೆ ಬರುವುದು ಪ್ರಾರ್ಥನೆ ಮತ್ತು ಬೈಗುಳ, ಎರಡೇ.

ನೀವು ಕೇಳಿದ ಎರಡನ್ನೂ ಮಾಡಿದ್ದೇನೆ. ಕಾರಣದ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟಿದ್ದೇನೆ. ಅದನ್ನು ತುಂಬದೆ ಯಾರೂ ಮುಂದೆ ಹೋಗಲಾರರು. ತುಂಬಿದೊಡನೆ ‘ನಿಮ್ಮ ಜೊತೆಗಾರರು ಬದಲಾವಣೆ ಕೋರಿದ್ದಾರೆ, ಕಾರಣ ಹೀಗಿದೆ’ ಎಂಬ ಸಂದೇಶ ಇನ್ನೊಬ್ಬರಿಗೆ ಹೋಗುತ್ತದೆ. ಸ್ವಲ್ಪ ಬಿರುಸಾಯಿತೇನೋ?

ಕಾಗುಣಿತ ತಿದ್ದಿದ್ದೇನೆ.

ಫೆಲೇತಿ


ಲೋಫೋನುವಾ
೨ ಮೇ ೨೦೨೩

ಮಾನ್ಯ ಹವೇಯಾ ಅವರಿಗೆ,

ಬಿರುಸಾಗಿಲ್ಲ, ಸ್ಪಷ್ಟವಾಗಿದೆ. ಬಿರುಸು ಬೇರೆ, ಸ್ಪಷ್ಟತೆ ಬೇರೆ.

ಸೌಲಭ್ಯ ಫಲ ಕೊಟ್ಟಿದೆ. ಮತೆಯಾಕಿ ಮತ್ತು ಲೋಸೆಲಿಯ ಗಣಿತದ ಪಾಠಗಳು ಕಾಲೇಜಿನಲ್ಲೇ ಉತ್ತಮವೆಂದು ಅಲ್ಲಿಯ ಪ್ರಾಧ್ಯಾಪಕರು ಬರೆದಿದ್ದಾರೆ. ಇಬ್ಬರೂ ಒಪ್ಪಿದ್ದರಿಂದ ಒಂದು ಪಾಠದ ಧ್ವನಿಮುದ್ರಣವನ್ನು ನಿಮಗೆ ಕಳುಹಿಸುತ್ತಿದ್ದೇನೆ, ನಿಮ್ಮ ಕೆಲಸ ಎಲ್ಲಿ ತಲುಪಿತೆಂಬುದು ನಿಮಗೂ ತಿಳಿಯಲಿ. ಆ ಮಾತಿನ ಸಭ್ಯತೆಯನ್ನು ಗಮನಿಸಿ. ಒಂದು ಹರಟೆಯಿಲ್ಲ, ಒಂದು ಕೀಟಲೆಯಿಲ್ಲ. ಇತರ ಜೊತೆಗಳು ಅರ್ಧ ಪಾಠ ಹೇಳಿ ಅರ್ಧ ನಗುತ್ತವೆಯಂತೆ. ಶಿಸ್ತು ಎಲ್ಲಿಂದ ಬರುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಇತಿ,
ಮೆಲೆನೈತೆ ಕವಪಾಲು


ಆಕ್ಲೆಂಡ್
೯ ಮೇ ೨೦೨೩

ಮಾನ್ಯ ಮೇಡಂ,

ಬಸ್ಸಿನಲ್ಲಿ ಕುಳಿತು ಪಾಠ ಕೇಳಿದೆ, ಇಂಗ್ಲಿಷಿನಲ್ಲಿತ್ತು, ಬದುಕಿದೆ. ಭಿನ್ನರಾಶಿ ನನಗೆ ಈಗ ಅರ್ಥವಾಯಿತು. ಬ್ರೆಡ್‌ಫ್ರೂಟ್ ಕೊಯ್ದು ಹಂಚುವ ಉದಾಹರಣೆ ಚೆನ್ನಾಗಿದೆ.

ಒಂದು ಕುತೂಹಲ. ಅವರಿಬ್ಬರೂ ಒಮ್ಮೆಯೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲವಲ್ಲ? ‘ಪಾಠ ಹೇಳುವವರು’, ‘ಪ್ರಶ್ನೆ ಕೇಳುವವರು’ ಎನ್ನುತ್ತಾರೆ. ತುಂಬಿದ ಬಿಂದಿಗೆ ಹೊತ್ತು ನಡೆಯುವವರ ಹಾಗೆ ಮಾತಾಡುತ್ತಾರೆ. ಇದೂ ನಿಮ್ಮ ಶಿಸ್ತೇ?

ಫೆಲೇತಿ


ಲೋಫೋನುವಾ
೧೪ ಜೂನ್ ೨೦೨೩

ಮಾನ್ಯ ಹವೇಯಾ ಅವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರಿಸುವ ಸ್ಥಿತಿಯಲ್ಲಿ ನಾನಿಲ್ಲ. ಪರಿಸ್ಥಿತಿ ಬದಲಾಗಿದೆ.

ಗಣಿತ ಮುಗಿದು ‘ದೇಹ ಮತ್ತು ಬೆಳವಣಿಗೆ’ ಎಂಬ ಆರೋಗ್ಯದ ಭಾಗ ಆರಂಭವಾದಂದಿನಿಂದ ಇಬ್ಬರ ಹೆಸರಿನ ಮುಂದೆಯೂ ಗೈರುಹಾಜರಿ ಬೀಳುತ್ತಿದೆ. ಮತೆಯಾಕಿಯನ್ನು ದಡದಲ್ಲೇ ಹಿಡಿದು ಕೇಳಿದೆ.

“ಬಲೆ ಹರಿದುಹೋಗಿದೆ ಟೀಚರ್, ಹೆಣೀಬೇಕು.”

“ಬಲೆ ಹೆಣೆಯುವ ಕೈಗೆ ಕೆಲಸ. ನಾಲಿಗೆಗೆ ಏನು ಕೆಲಸ?”

“ನಾಲಿಗೇನೂ ಬೇಕಾಗತ್ತೆ ಟೀಚರ್, ದಾರ ಒದ್ದೆ ಮಾಡ್ಬೇಕಲ್ಲ” ಎಂದು ನಕ್ಕು ದೋಣಿಯ ಆಚೆ ಬದಿಗೆ ಹೋದ.

ಲೋಸೆಲಿಯನ್ನು ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದೆ. “ಪಾದ್ರಿಗಳ ಮನೇಲಿ ನೆಂಟರು ಟೀಚರ್, ಅಡುಗೆ ಮನೆ ಬಿಟ್ಟು ಕದಲೋ ಹಾಗಿಲ್ಲ” ಎಂದಳು. ಪಾದ್ರಿಗಳ ಮನೆಗೆ ಯಾವ ನೆಂಟರೂ ಬಂದಿಲ್ಲ. ಈ ದ್ವೀಪಕ್ಕೆ ಬರುವ ದೋಣಿ ನನ್ನ ಮನೆಯ ಮುಂದೆಯೇ ನಿಲ್ಲುತ್ತದೆ.

ಇಬ್ಬರೂ ಸುಳ್ಳು ಹೇಳುವವರಲ್ಲ, ಆದರೂ ಇಬ್ಬರೂ ಹೇಳುತ್ತಿದ್ದಾರೆ. ಜುಲೈ ಮುಗಿಯುವುದರೊಳಗೆ ಈ ಭಾಗವನ್ನು ಪೂರೈಸದಿದ್ದರೆ ಕಾಲೇಜು ಇಬ್ಬರ ಹೆಸರನ್ನೂ ತೆಗೆಯುತ್ತದೆ. ಆಮೇಲೆ ಶಾಲೆಗೆ ಬೀಗ. ವಾಕಾದ ಒಳಗೆ ದೋಷವೇನಾದರೂ ಇದೆಯೇ ಎಂದು ದಯವಿಟ್ಟು ಪರೀಕ್ಷಿಸಿ. ಯಂತ್ರದ ದೋಷವಾಗಿರಲೆಂದು ನಾನು ಹಾರೈಸುತ್ತಿರುವುದು ಇದೇ ಮೊದಲು.

ಇತಿ,
ಮೆಲೆನೈತೆ ಕವಪಾಲು


ಆಕ್ಲೆಂಡ್
೧೭ ಜೂನ್ ೨೦೨೩

ಮಾನ್ಯ ಮೇಡಂ,

ಯಂತ್ರ ಸರಿಯಾಗಿದೆ. ಆದರೆ ಒಂದು ವಿಚಿತ್ರ ಕಂಡಿತು.

ಇಬ್ಬರೂ ‘ಜೊತೆ ಬದಲಿಸಿ’ ಎಂಬ ಪುಟವನ್ನು ತೆರೆದಿದ್ದಾರೆ, ಬೇರೆ ಬೇರೆ ದಿನ, ಮತ್ತೆ ಮತ್ತೆ. ಕಾರಣ ಬರೆಯುವ ಜಾಗದವರೆಗೆ ಬಂದು, ಒಂದಕ್ಷರವೂ ಬರೆಯದೆ ಹಿಂದಿರುಗಿದ್ದಾರೆ. ಆಮೇಲೆ ಇಬ್ಬರೂ ವಾಕಾವನ್ನು ತೆರೆದೇ ಇಲ್ಲ.

ನಿಮ್ಮ ದ್ವೀಪದ ಸಂಗತಿ ನನಗೆ ಗೊತ್ತಿಲ್ಲ. ನಮ್ಮ ಕಚೇರಿಯಲ್ಲಾದರೆ ಇದಕ್ಕೆ ಎರಡೇ ಅರ್ಥ, ಒಂದು ಪ್ರೀತಿ, ಇನ್ನೊಂದು ಜಗಳ. ಅಷ್ಟು ಬಿಗಿಯಾಗಿ ಮಾತಾಡುತ್ತಿದ್ದವರು, ಪಾಪ, ಒಳಗೊಳಗೇ ಮನಸ್ಸು ಕೊಟ್ಟುಕೊಂಡಿದ್ದರೇನೋ!

ಜಗಳವಾಗಿದ್ದರೆ ಅದು ಬಗೆಹರಿಯುವುದು ಕಷ್ಟ. ನಮ್ಮ ಮನೆಯಲ್ಲೇ ನೋಡಿದ್ದೇನೆ. ಸೇಯಿನಿ ಅತ್ತೆ ಬಾಗಿಲಿಗೆ ಬಂದರೆ ಸಾಕು, ಅಪ್ಪ ಟಿವಿ ಆರಿಸಿ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಒಡಹುಟ್ಟಿದವರು, ಒಟ್ಟಿಗೆ ಕೂತು ಹತ್ತು ಮಾತಾಡಿದ್ದನ್ನು ನಾನು ಕಂಡಿಲ್ಲ. ಯಾಕೆಂದು ಕೇಳುವ ಧೈರ್ಯವೂ ಆಗಲಿಲ್ಲ. ಅಪ್ಪ ತೀರಿಹೋದಾಗ ಅತ್ತೆ ಬಂದು ನೇರವಾಗಿ ತಲೆಯ ಬಳಿ ಕುಳಿತರು, ರಾಣಿಯ ಹಾಗೆ. ಒಂದು ಲೋಟ ಎತ್ತಿಡಲಿಲ್ಲ. ಬಂದವರು ಕಾಣಿಕೆಯಾಗಿ ತಂದ ಚಾಪೆಗಳನ್ನೆಲ್ಲ ಅವರ ಮುಂದೆಯೇ ಇಟ್ಟರು. ನಾನೂ ಅಮ್ಮನೂ ಪಾತ್ರೆ ತೊಳೆಯುತ್ತಿದ್ದೆವು. ಅಂದಿನಿಂದ ಅವರ ಮನೆಗೆ ನಾನು ಹೋಗಿಲ್ಲ.

ಇದನ್ನೇಕೆ ಬರೆದೆನೋ ಗೊತ್ತಿಲ್ಲ. ಕಳುಹಿಸುವ ಮೊದಲು ಅಳಿಸಬೇಕಿತ್ತು.

ಫೆಲೇತಿ


ಲೋಫೋನುವಾ
೧೦ ಜುಲೈ ೨೦೨೩

ಮಾನ್ಯ ಹವೇಯಾ ಅವರಿಗೆ,

ನಿಮ್ಮ ಪತ್ರದ ಎರಡನೆಯ ಭಾಗವನ್ನು ಓದಿದಾಗ ನನಗೆ ಬಂದ ಕೋಪವನ್ನು ಬರೆಹಕ್ಕಿಳಿಸಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ನನ್ನ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥ ಊಹೆ! ಆದರೆ ಈಗ ನೋಡಿದರೆ, ನೀವು ತಪ್ಪಾಗಿ ಊಹಿಸಿದಿರಿ, ನಾನು ಊಹಿಸಲೇ ಇಲ್ಲ. ಎರಡರಲ್ಲಿ ಯಾವುದು ದೊಡ್ಡ ತಪ್ಪೆಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ.

ಕಳೆದ ವಾರ ಮತೆಯಾಕಿಯ ಅಜ್ಜ ಸೋನೆ ತೀರಿಕೊಂಡರು. ನಮ್ಮಲ್ಲಿ ಸಾವಿನ ಮನೆಗೆ ಹೋಗುವಾಗ ಎಲ್ಲರೂ ಸೊಂಟಕ್ಕೆ ಚಾಪೆ ಸುತ್ತಿಕೊಳ್ಳುತ್ತೇವೆ, ಆದರೆ ಎಲ್ಲರದೂ ಒಂದೇ ಬಗೆಯ ಚಾಪೆಯಲ್ಲ. ಸತ್ತವರ ಮಕ್ಕಳು, ಮೊಮ್ಮಕ್ಕಳು, ತಮ್ಮಂದಿರ ಮಕ್ಕಳು ಮರಿಗಳು ಅಂಚು ಹರಿದ, ಮೈಯೆಲ್ಲ ಮುಚ್ಚುವ ಒರಟು ಚಾಪೆ ಸುತ್ತಿಕೊಂಡು ಹೊರಗೆ ಒಲೆಯ ಹೊಗೆಯಲ್ಲಿ ದುಡಿಯುತ್ತಾರೆ. ಯಾರು ಯಾರಿಗೆ ಏನಾಗಬೇಕೆಂಬುದನ್ನು ಚಾಪೆ ನೋಡಿಯೇ ಹೇಳಬಹುದು.

ನಾನು ನೆರೆಯವಳಿಗೆ ತಕ್ಕ ಚಿಕ್ಕ ಚಾಪೆ ಕಟ್ಟಿ ಒಲೆಯ ಕಡೆಗೆ ಹೋದೆ. ಅಲ್ಲಿ ಲೋಸೆಲಿ ಗೆಣಸು ಸುಲಿಯುತ್ತಿದ್ದಳು. ಅವಳ ಮೈಮೇಲೆ ಎದೆಯವರೆಗೆ ಬಂದ ಹರಕು ಚಾಪೆ! ನಿಯುವಾದಿಂದ ಬಂದ, ಇಲ್ಲಿ ಬಂಧುಗಳಿಲ್ಲದ ಹುಡುಗಿಗೆ ಸೋನೆಯ ಸಾವಿನಲ್ಲಿ ಆ ಚಾಪೆ ಎಲ್ಲಿಂದ ಬಂತು? ನಾನು ನಿಂತು ನೋಡುತ್ತಿದ್ದಂತೆಯೇ ಮತೆಯಾಕಿ ಸೌದೆ ಹೊತ್ತು ಬಂದ, ಅವನಿಗೂ ಅದೇ ಬಗೆಯ ಚಾಪೆ. ಲೋಸೆಲಿ ಬುಟ್ಟಿ ಎತ್ತಿಕೊಂಡು ತಲೆ ತಗ್ಗಿಸಿ ಆಚೆ ಬದಿಗೆ ಹೋದಳು. ಚಾಪೆ ಹೆಣೆಯುವ ವಿಕಾ ಎಂಬವಳು ಪೋಲಿ ಕಥೆಯೊಂದನ್ನು ಹೇಳಿ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. ಅವಳ ಕಥೆ ಕತ್ತರಿಸಿದಂತೆ ನಿಂತಿತು.

“ಯಾಕೆ ನಿಲ್ಲಿಸಿದೆ ವಿಕಾ?”

“ಅಣ್ಣ ತಂಗಿ ಇಬ್ರೂ ಇದಾರಲ್ಲ ಟೀಚರ್, ನಾಚ್ಕೆ ಬೇಡ್ವಾ ನನಗೆ?”

“ಯಾವ ಅಣ್ಣ? ಯಾವ ತಂಗಿ?”

“ಅಯ್ಯೋ, ಸೋನೆ ಅಜ್ಜನ ತಮ್ಮ ಕೊಬ್ಬರಿ ಹಡಗು ಹತ್ತಿ ನಿಯುವಾಕ್ಕೆ ಹೋಗಿ, ಅಲ್ಲೇ ಹೆಂಡ್ತಿ ಮನೆ ಹೆಸರು ಇಟ್ಕೊಂಡು ಕೂತ್ಬಿಡ್ಲಿಲ್ವಾ? ಅವನ ಮೊಮ್ಮಗಳು ಈ ಹುಡುಗಿ. ಬಂದ ವಾರದಲ್ಲೇ ಊರಿಗೆಲ್ಲ ಗೊತ್ತಾಯ್ತು.”

“ನನಗೇಕೆ ಯಾರೂ ಹೇಳಲಿಲ್ಲ?”

“ನಿಮಗೆ ಗೊತ್ತಿಲ್ಲದ್ದೂ ಒಂದು ಇದೆ ಅಂತ ನಮಗೇನು ಕನಸು ಬಿದ್ದಿತ್ತಾ ಟೀಚರ್?”

ಹೆಂಗಸರು ಬಹಳ ಹೊತ್ತು ನಕ್ಕರು. ಸಾವಿನ ಮನೆಯಲ್ಲಿ ಅಷ್ಟು ನಗುವುದು ಸರಿಯಲ್ಲ.

ನಿಮಗೆ ಬಿಡಿಸಿ ಹೇಳಬೇಕು. ಅಣ್ಣತಮ್ಮಂದಿರ ಮೊಮ್ಮಕ್ಕಳು ನಮಗೆ ಅಣ್ಣತಂಗಿಯರೇ. ಅಣ್ಣತಂಗಿಯರ ನಡುವೆ ಒಂದು ಗೌರವದ ಅಂತರವಿದೆ. ಲೆಕ್ಕದ ಪಾಠ ಹೇಳಿಕೊಳ್ಳಬಹುದು, ಅದೂ ಹೆಸರು ಹಿಡಿಯದೆ, ಕೀಟಲೆ ಮಾಡದೆ. (ನಾನು ಅದನ್ನು ನನ್ನ ಶಿಸ್ತೆಂದು ಬರೆದಿದ್ದೆನಷ್ಟೆ.) ಆದರೆ ಹುಡುಗ ಹೇಗೆ ಗಂಡಸಾಗುತ್ತಾನೆ, ಹುಡುಗಿ ಹೇಗೆ ಹೆಂಗಸಾಗುತ್ತಾಳೆ ಎಂಬ ಪಾಠವನ್ನು ತಂಗಿಯ ಕಿವಿಗೆ ಅಣ್ಣ ಹೇಳುವುದು? ಅದನ್ನು ಧ್ವನಿಮುದ್ರಿಸುವುದು? ಅದಕ್ಕಿಂತ ಅವರು ಕಡಲಿಗೆ ಹಾರಿಯಾರು.

ಮಣ್ಣು ಮಾಡಿದ ಮೇಲೆ ಮತೆಯಾಕಿಯ ಬಳಿಗೆ ಹೋದೆ. ನಾನು ಯಾರ ಹೆಸರನ್ನೂ ಎತ್ತದೆ, “ನಿನ್ನ ಅಜ್ಜನಿಗೆ ಒಬ್ಬ ತಮ್ಮನಿದ್ದನಂತೆ” ಎಂದೆ. ಅವನು ಬಲೆ ಕೆಳಗಿಟ್ಟ.

“ಅವರಿಗೇ ಸಿಗಲಿ ಅಂತ ಬಿಟ್ಟೆ ಟೀಚರ್. ತಂಗಿ ಅಂದ್ರೆ ನಮಗಿಂತ ಮೇಲಲ್ವಾ? ಶಾಲೆ ಅವರಿಗಿರಲಿ, ನನಗೆ ಕಡಲಿದೆ.”

ಪಾದ್ರಿಗಳ ಮನೆಗೆ ಹೋದೆ. ಲೋಸೆಲಿ ಕಣ್ಣೆತ್ತದೆ ಹೇಳಿದಳು: “ಇದು ಅಣ್ಣನ ಊರು ಟೀಚರ್. ಶಾಲೆ ಅವನಿಗೇ ಬರ್ಬೇಕು. ನಾನು ಹೊರಗಿಂದ ಬಂದೋಳು, ಎದ್ದು ಹೋದ್ರೆ ಯಾರಿಗೇನು ನಷ್ಟ?”

ಹೀಗೆ ಒಬ್ಬರಿಗಾಗಿ ಒಬ್ಬರು ಎದ್ದು ಹೋಗಿ ತರಗತಿಯೇ ಖಾಲಿಯಾಗಿದೆ. ತಾನು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಓದುತ್ತಿದ್ದಾರೆಂದು ಇಬ್ಬರೂ ನೆಮ್ಮದಿಯಿಂದಿದ್ದರು!

“ಬೇರೆ ಜೊತೆ ಕೇಳಬಹುದಿತ್ತಲ್ಲ?” ಎಂದು ಮತೆಯಾಕಿಯನ್ನು ಕೇಳಿದ್ದೆ.

“ಕಾರಣ ಬರೀಬೇಕಲ್ಲ ಟೀಚರ್. ಪೂರ್ಣ ವಾಕ್ಯದಲ್ಲಿ. ಅದು ಅವರಿಗೂ ಹೋಗತ್ತೆ.”

“ಬೇರೆ ಏನಾದರೂ ಬರೆಯಬಹುದಿತ್ತು.”

“ನಿಮ್ಮ ಶಾಲೇಲಿ ಓದಿದೋನು ನಾನು. ಬಾಯಲ್ಲಿ ಬಲೆ ಹರಿದಿದೆ ಅನ್ನಬಹುದು ಟೀಚರ್. ಬರೆಯೋದು ಹೆಂಗೆ?”

ಆದ್ದರಿಂದ ಕೆಳಗಿನ ಬದಲಾವಣೆ ತುರ್ತಾಗಿ ಆಗಬೇಕು. ಜೊತೆ ಮಾಡುವ ಮುನ್ನವೇ ವಾಕಾ ಪ್ರತಿಯೊಬ್ಬರನ್ನೂ ಗುಟ್ಟಾಗಿ ಕೇಳಬೇಕು: ಯಾರೊಡನೆ ಬೇಡ, ಯಾವ ಪಾಠದಲ್ಲಿ ಬೇಡ. ಕಾರಣ ಕೇಳಬಾರದು. ಆ ಉತ್ತರ ಜೊತೆಗಾರರಿಗೂ ಕಾಲೇಜಿಗೂ ನನಗೂ ಎಂದಿಗೂ ಕಾಣಬಾರದು. ಕಾರಣದ ಜಾಗವನ್ನು ಸಂಪೂರ್ಣವಾಗಿ ತೆಗೆದುಹಾಕಿ. ಅದನ್ನು ಯಾರು ಸೂಚಿಸಿದ್ದರೆಂಬ ವಿಚಾರ ಇಲ್ಲಿ ಅಪ್ರಸ್ತುತ.

ಕೊನೆಯ ಮಾತು. ನಿಮ್ಮ ತಂದೆ ಟಿವಿ ಆರಿಸಿ ಎದ್ದು ಹೋಗುತ್ತಿದ್ದುದನ್ನು ನೀವು ‘ಜಗಳ’ ಎಂದು ಕರೆದಿದ್ದೀರಿ. ಅದು ತಪ್ಪು ಪ್ರಯೋಗ. ಅಣ್ಣನ ತಲೆಯ ಬಳಿ ಕೂರುವುದು ನಿಮ್ಮ ಅತ್ತೆಯ ಸ್ಥಾನ. ಅಲ್ಲಿ ಕೂತವರು ಲೋಟ ಎತ್ತುವುದಿಲ್ಲ. ಸರಿಯಾದ ಪದ ಯಾವುದೆಂದು ನಾನು ಹೇಳಿಕೊಡುವುದಿಲ್ಲ. ಅವರನ್ನೇ ಹೋಗಿ ಕೇಳಿ.

ಇತಿ,
ಮೆಲೆನೈತೆ ಕವಪಾಲು


ಆಕ್ಲೆಂಡ್
೧೯ ಜುಲೈ ೨೦೨೩

ಪೂಜ್ಯ ಟೀಚರ್,

ಹೊಸ ಸೌಲಭ್ಯ ಇಂದು ಬೆಳಿಗ್ಗೆಯಿಂದ ಎಲ್ಲ ದ್ವೀಪಗಳಲ್ಲೂ ಬಳಕೆಗೆ ಬಂದಿದೆ. ಹೆಸರು ಆರಿಸಬೇಕು, ಪಾಠ ಆರಿಸಬೇಕು, ಅಷ್ಟೇ. ನಾನೂ ತೆರೆದು ನೋಡಲಾಗದಂತೆ ಬೀಗ ಹಾಕಿ, ಬೀಗದ ಕೈ ಎಸೆದಿದ್ದೇನೆ. ಮತೆಯಾಕಿ, ಲೋಸೆಲಿ ಇಬ್ಬರಿಗೂ ಬೇರೆ ಬೇರೆ ದ್ವೀಪದ ಜೊತೆಗಾರರು ಸಿಗುವಂತೆ ದಾರಿ ತೆರೆದಿದೆ. ಕಾರಣದ ಜಾಗ ಈಗ ಇಲ್ಲ.

ಅದನ್ನು ಮುಗಿಸಿದ ಭಾನುವಾರ ಒಂದು ಕೇಕು, ಎರಡು ಡಬ್ಬ ಮಾಂಸ ಹಿಡಿದು ಅತ್ತೆಯ ಮನೆಯ ಬಾಗಿಲು ಬಡಿದೆ. ಒಳಗೆ ಟಿವಿ ಜೋರಾಗಿ ಓಡುತ್ತಿತ್ತು. ಅತ್ತೆ ಬಾಗಿಲು ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬಂದ್ಯಾ? ಏನೋ, ನಿಮ್ಮ ಬಸ್ಸು ಇಷ್ಟು ವರ್ಷ ತಡವಾಯ್ತಾ?”

ತಿನ್ನಿಸಿದರು, ಮತ್ತೆ ತಿನ್ನಿಸಿದರು. ಕೊನೆಗೆ ಕೇಳಿಯೇಬಿಟ್ಟೆ. “ಅತ್ತೆ, ನಿಮಗೂ ಅಪ್ಪನಿಗೂ ಯಾಕೆ ಜಗಳ ಇತ್ತು?”

“ಯಾವ ಜಗಳನೋ? ತಲೆ ನೆಟ್ಟಗಿದೆಯಾ ನಿಂಗೆ?”

“ನೀವು ಬಂದ್ರೆ ಎದ್ದು ಹೋಗ್ತಿದ್ರಲ್ಲ, ಟಿವಿ ಆರಿಸಿ.”

ಅತ್ತೆ ನಗತೊಡಗಿದರು. “ಅದರಲ್ಲಿ ಮುತ್ತು ಗಿತ್ತು ಬಂದ್ಬಿಟ್ರೆ ನನ್ನೆದುರಿಗೆ ಮುಖ ಎಲ್ಲಿ ಇಟ್ಕೊಳ್ಳೋನು ಅವನು? ರಗ್ಬಿ ಫೈನಲ್ ನಡೀತಿದ್ರೂ ಆರಿಸೋನು ಕಣೋ. ನನ್ನ ಚಪ್ಪಲಿ ಸದ್ದು ಕೇಳಿದ್ರೆ ಸಾಕು. ಹಿತ್ತಲಲ್ಲಿ ನಿಂತ್ಕೊಂಡು ಪಕ್ಕದ ಮನೆಯವರನ್ನ ಸ್ಕೋರ್ ಕೇಳೋನು, ಪಾಪ!”

ನಗು ನಿಂತ ಮೇಲೆ ಅವರೇ ಹೇಳಿದರು. “ಈಗ ನಾನು ಯಾರ ಮನೆಗೆ ಹೋದ್ರೂ ಟಿವಿ ಓಡ್ತಾನೇ ಇರತ್ತೆ. ನನಗೋಸ್ಕರ ಆರಿಸೋರು ಯಾರೂ ಇಲ್ಲ.”

ಸರಿಯಾದ ಪದವನ್ನೂ ಹೇಳಿಕೊಟ್ಟರು. ಪ್ರಾರ್ಥನೆ, ಬೈಗುಳ ಬಿಟ್ಟರೆ ಈಗ ಅಪ್ಪನ ಭಾಷೆಯಲ್ಲಿ ನನಗೆ ಇನ್ನೊಂದು ಪದ ಬರುತ್ತದೆ.

ನಿಮ್ಮ
ಫೆಲೇತಿ


ಲೋಫೋನುವಾ
೨ ಡಿಸೆಂಬರ್ ೨೦೨೩

ಚಿ. ಫೆಲೇತಿಗೆ ಆಶೀರ್ವಾದಗಳು.

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣವಿದೆ, ಆದರೆ ಕಾರಣ ಕೇಳುವ ಪದ್ಧತಿಯನ್ನು ನಾವು ಕೈಬಿಟ್ಟಿದ್ದೇವೆ. ಪರೀಕ್ಷೆಯ ಫಲಿತಾಂಶ ಕೈಗೆ ಬರಲೆಂದು ಕಾದಿದ್ದೆ ಎಂದಷ್ಟೇ ತಿಳಿದುಕೊ.

ಇಬ್ಬರೂ ತೇರ್ಗಡೆಯಾಗಿದ್ದಾರೆ. ಮೊನ್ನೆ ಇಲಾಖೆಯ ಅಧಿಕಾರಿ ನೇಮಕಕ್ಕೆಂದು ಬಂದಾಗ ಹಳೆಯ ಕಥೆ ಮತ್ತೆ ಶುರುವಾಯಿತು. ಅವರು ಮತೆಯಾಕಿಯನ್ನು ಕರೆದರೆ “ಇನ್ನೊಬ್ಬರಿದ್ದಾರೆ ಸಾರ್, ಅವರೇ ಸರಿ” ಎಂದ. ಲೋಸೆಲಿಯನ್ನು ಕರೆದರೆ ಅವಳೂ ಅದನ್ನೇ ಹೇಳಿದಳು. ಅಧಿಕಾರಿ ಬೆವರು ಒರೆಸಿಕೊಂಡು, “ಏನ್ರೀ ಇದು, ಎಲ್ಲ ಕಡೆ ಕೆಲಸ ಬೇಕು ಅಂತ ಕಾಲು ಹಿಡೀತಾರೆ, ಇಲ್ಲಿ ಬೇಡ ಅಂತಾರೆ” ಎಂದರು. ಪಕ್ಕದ ದ್ವೀಪದ ಶಾಲೆಗೂ ಒಬ್ಬರು ಬೇಕಾಗಿದ್ದಾರೆಂದು ನಾನು ಅವರಿಗೆ ನೆನಪು ಮಾಡಿಕೊಟ್ಟೆ. ನಮ್ಮ ಶಾಲೆ ಲೋಸೆಲಿಗೆ, ಆ ಶಾಲೆ ಮತೆಯಾಕಿಗೆ ಎಂದು ತೀರ್ಮಾನವಾಯಿತು. ಪುಟ್ಟ ಮಕ್ಕಳು ದಾಟಬೇಕಾಗಿದ್ದ ಕಡಲನ್ನು ಇನ್ನು ಮುಂದೆ ಒಬ್ಬ ಮೇಷ್ಟ್ರು ದಿನವೂ ದಾಟುತ್ತಾನೆ. ಅವನಿಗೆ ಅದು ಪಾಠ ಹೇಳುವುದಕ್ಕಿಂತ ಸುಲಭವಂತೆ.

ಇನ್ನು ನಿನ್ನ ಸೌಲಭ್ಯದ ವಿಷಯ. ಅದು ಬಂದ ವಾರದಲ್ಲೇ ಅರ್ಧದಷ್ಟು ವಿದ್ಯಾರ್ಥಿಗಳು ಅದನ್ನು ಬಳಸಿದ್ದರೆಂದು, ಎಣಿಕೆಯನ್ನಷ್ಟೇ ಕಾಣಬಲ್ಲ ಕಾಲೇಜಿನವರು ಬೆರಗಾಗಿ ತಿಳಿಸಿದರು. ಯಾರು, ಯಾರೊಡನೆ ಬೇಡವೆಂದರು, ಏತಕ್ಕೆ? ಈ ದ್ವೀಪಗಳ ಅರ್ಧ ವಂಶವೃಕ್ಷ ಅದರೊಳಗಿರಬೇಕು. ನನಗೆ ಗೊತ್ತಿಲ್ಲದ ಇನ್ನೆಷ್ಟು ಅಣ್ಣತಂಗಿಯರಿದ್ದಾರೋ! ಮಾರ್ಗದರ್ಶಿಯ ಅಧಿಕಾರ ನನಗಿರುವುದರಿಂದ, ಒಂದು ಮಧ್ಯಾಹ್ನ, ಸುಮ್ಮನೆ, ಆ ಉತ್ತರಗಳನ್ನು ತೆರೆಯುವ ಗುಂಡಿಯನ್ನು ಒತ್ತಿ ನೋಡಿದೆ.

‘ಇದನ್ನು ನೋಡುವ ಹಕ್ಕು ಯಾರಿಗೂ ಇಲ್ಲ’ ಎಂದು ಬಂತು.

ನೀನು ಬರೆದ ಆ ವಾಕ್ಯವನ್ನು ಎರಡು ಸಲ ಓದಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ.

ಅತ್ತೆಯವರಿಗೆ ನನ್ನ ಗೌರವಗಳನ್ನು ತಿಳಿಸು. ಅವರ ಮನೆಗೆ ಹೋದಾಗ ಟಿವಿ ಆರಿಸು. ನೀನು ಅಣ್ಣನಲ್ಲ, ಸೋದರಳಿಯ, ಆರಿಸಲೇಬೇಕೆಂಬ ನಿಯಮವೇನೂ ಇಲ್ಲ. ಆದರೂ ಆರಿಸು.

ಇತಿ,
ಮೆಲೆನೈತೆ ಕವಪಾಲು